ಹೊಳೆ ನೀರು, ನಲ್ಲಿ ನೀರು

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತು ಶಿವಮೊಗ್ಗದ ಮನೆಗಳಲ್ಲಿ ನೀರಿನ ಲೋಟದಷ್ಟೇ ಸಲೀಸಾಗಿ ಕೈಗೆ ಬರುತ್ತದೆ. ಬೆಂಗಳೂರಿನಿಂದಲೋ ಬಳ್ಳಾರಿಯಿಂದಲೋ ನೆಂಟರು ಬಂದು ಬಾಯಾರಿಕೆ ಎಂದರೆ ಸಾಕು, ಲೋಟದ ಜೊತೆಗೆ ಈ ಗಾದೆಯನ್ನೂ ಮುಂದಿಡುವುದು ನಮ್ಮ ಉಪಚಾರದ ಒಂದು ಭಾಗ. ನೆಂಟರೂ ಒಂದು ಗುಟುಕು ಕುಡಿದು, ‘ಹೌದು, ನಿಮ್ಮ ನೀರು ಸಿಹಿ’ ಎಂದು ಒಪ್ಪಿಕೊಳ್ಳುತ್ತಾರೆ. ಆದರೆ ಈ ಗಾದೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ತುಂಗೆಯನ್ನು ಎಲ್ಲಿ ಕುಡಿಯಬೇಕು ಎಂದು ಅದು ಹೇಳುವುದಿಲ್ಲ. ಶೃಂಗೇರಿಯಲ್ಲೋ, ತೀರ್ಥಹಳ್ಳಿಯಲ್ಲೋ, ಗಾಜನೂರಿನಲ್ಲೋ, ಶಿವಮೊಗ್ಗ ದಾಟಿದ ಮೇಲೋ? ಊರಿನ ಮೇಲೆ ಇರುವವರಿಗೂ ಕೆಳಗೆ ಇರುವವರಿಗೂ ಹೊಳೆ ಒಂದೇ ಆದರೂ ನೀರು ಒಂದೇ ಅಲ್ಲ. ಈ ಒಂದು ವ್ಯತ್ಯಾಸದಿಂದಲೇ ನಮ್ಮ ಕುಡಿಯುವ ನೀರಿನ ಚರಿತ್ರೆಯೆಲ್ಲ ಹುಟ್ಟಿದೆ ಎಂದು ನನಗೆ ಅನ್ನಿಸುತ್ತದೆ.

ತುಂಗೆ ಮತ್ತು ಭದ್ರೆ ಪಶ್ಚಿಮ ಘಟ್ಟದ ವರಾಹ ಪರ್ವತದಲ್ಲಿ ಗಂಗಾಮೂಲ ಎಂಬ ಒಂದೇ ಜಾಗದಲ್ಲಿ ಹುಟ್ಟುವ ಅಕ್ಕತಂಗಿಯರು. ಹುಟ್ಟಿದ ಕೂಡಲೇ ಬೇರೆ ಬೇರೆ ಮನೆಗೆ ಹೋದವರ ಹಾಗೆ, ಒಬ್ಬಳು ಶೃಂಗೇರಿ, ತೀರ್ಥಹಳ್ಳಿಗಳ ದಾರಿ ಹಿಡಿದು ಶಿವಮೊಗ್ಗಕ್ಕೆ ಬರುತ್ತಾಳೆ. ಇನ್ನೊಬ್ಬಳು ಕಳಸ, ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಭದ್ರಾವತಿಯ ನಡುವೆ ಹಾದುಹೋಗುತ್ತಾಳೆ. ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್ ದೂರದ ಕೂಡ್ಲಿಯಲ್ಲಿ ಇಬ್ಬರೂ ಮತ್ತೆ ಸೇರಿ ತುಂಗಭದ್ರೆ ಎನ್ನಿಸಿಕೊಳ್ಳುತ್ತಾರೆ. ಸಂಗಮವೆಂದು ಅಲ್ಲಿಗೆ ಹೋಗಿ ಮುಳುಗು ಹಾಕಿ ಬರುತ್ತೇವೆ. ಎರಡು ದೊಡ್ಡ ಊರುಗಳ ಮನೆವಾರ್ತೆಯೆಲ್ಲ ಆ ನೀರಿನೊಂದಿಗೆ ಬಂದಿರುತ್ತದೆ ಎಂಬುದನ್ನು ಆ ಹೊತ್ತಿಗೆ ಯಾರೂ ನೆನೆಯುವುದಿಲ್ಲ.

ನಲ್ಲಿ ಬರುವ ಮುಂಚೆ ಈ ಎರಡೂ ಊರುಗಳಲ್ಲಿ ನೀರು ಎಂದರೆ ಹೊಳೆ, ಬಾವಿ ಮತ್ತು ಹೆಂಗಸರ ಸೊಂಟ. ಬೆಳಗಿನ ಜಾವ ಎದ್ದು, ಬೇರೆಯವರು ಹೊಳೆಗೆ ಇಳಿದು ಕಲಕುವ ಮೊದಲೇ ಕುಡಿಯುವ ನೀರು ತರಬೇಕು. ಆಮೇಲೆ ಅಡುಗೆಗೆ, ಆಮೇಲೆ ಬಚ್ಚಲ ಹಂಡೆಗೆ, ಆಮೇಲೆ ಕೊಟ್ಟಿಗೆಗೆ. ತಲೆಯ ಮೇಲೆ ಸಿಂಬೆ, ಅದರ ಮೇಲೆ ಕೊಡ, ಸೊಂಟದಲ್ಲಿ ಇನ್ನೊಂದು. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಕಂಡಾಗ ಅದರಲ್ಲಿ ಒರತೆ ತೋಡಿ, ಕೂತು, ತೆಂಗಿನ ಚಿಪ್ಪಿನಲ್ಲಿ ತುಂಬಿಸಿಕೊಳ್ಳುತ್ತಿದ್ದರು. ಆ ಒರತೆಯ ನೀರು ಹೊಳೆಯ ನೀರಿಗಿಂತ ತಿಳಿ ಎಂಬುದು ಎಲ್ಲ ಹೆಂಗಸರಿಗೂ ಗೊತ್ತಿತ್ತು. ಮರಳು ನೀರನ್ನು ಸೋಸುತ್ತದೆ ಎಂದು ಯಾವ ಪುಸ್ತಕವೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮಳೆಗಾಲದ ಕಷ್ಟ ಬೇರೆ. ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ ತುಂಗೆ ಕೆಂಪಾಗುತ್ತಾಳೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿತೇ ಎಂದು ನೋಡಲು ಈಗಲೂ ಜನ ಕೊಡೆ ಹಿಡಿದುಕೊಂಡು ಹೋಗುತ್ತಾರೆ. ನೋಡುವವರಿಗೆ ಅದು ಸಂಭ್ರಮ. ಆ ಕೆಂಪು ನೀರನ್ನೇ ಕುಡಿಯಬೇಕಾಗಿದ್ದವರಿಗೆ ಪ್ರತಿ ಕೊಡವೂ ಒಂದು ಕೆಲಸ. ಹಳೆಯ ಸೀರೆಯನ್ನು ಮಡಚಿ ಕೊಡದ ಬಾಯಿಗೆ ಕಟ್ಟಿ ಸೋಸುತ್ತಿದ್ದರು. ಗಡಿಗೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು ನೀರು ತುಂಬಿಸಿ ಇಟ್ಟರೆ ಬೆಳಗಾಗುವುದರೊಳಗೆ ಮಣ್ಣು ತಳಕ್ಕೆ ಕೂರುತ್ತಿತ್ತು. ಸಂಸ್ಕೃತದಲ್ಲಿ ಕತಕ ಎನ್ನುವುದು ಇದನ್ನೇ; ಮನುಸ್ಮೃತಿಯಲ್ಲೂ ಇದರ ಮಾತು ಬಂದಿದೆ. ಬಾಣಂತಿಗೂ ಮಗುವಿಗೂ ಮಾತ್ರ ಕಾಯಿಸಿ ಆರಿಸಿದ ನೀರು. ಇವೆಲ್ಲ ಅಜ್ಜಿಯರ ಕಟ್ಟಳೆ ಎಂದು ನಗುವವರಿಗೆ ಒಂದು ಮಾತು ಹೇಳಬೇಕು. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಅವರ ಜೊತೆಗಾರರು ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಚಿ ನೀರು ಸೋಸುವುದನ್ನು ಹೇಳಿಕೊಟ್ಟು ಪರೀಕ್ಷೆ ಮಾಡಿದರು. 2003ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಸೀರೆಯಲ್ಲಿ ಸೋಸಿ ಕುಡಿದವರಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಗಿತ್ತು. ಕಾಲರಾದ ಕ್ರಿಮಿ ನೀರಿನಲ್ಲಿರುವ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡಿರುತ್ತದಂತೆ. ಆ ಜೀವಿಗಳು ಮಡಚಿದ ಸೀರೆಯಲ್ಲಿ ಸಿಕ್ಕಿಬೀಳುತ್ತವೆ.

ಆದರೆ ಸೀರೆಯಿಂದ ಅರ್ಧ ಉಳಿದರೆ ಉಳಿದರ್ಧದ ಗತಿಯೇನು? ಹಿಂದಿನ ಕಾಲದ ಮನೆಗಳಲ್ಲಿ ಮಕ್ಕಳನ್ನು ಎಣಿಸುವಾಗ ‘ಹುಟ್ಟಿದ್ದು ಒಂಬತ್ತು, ಉಳಿದದ್ದು ಐದು’ ಎಂದು ಎರಡು ಲೆಕ್ಕ ಹೇಳುವುದು ರೂಢಿಯಾಗಿತ್ತು. ಆ ನಾಲ್ಕರಲ್ಲಿ ಎಷ್ಟು ವಾಂತಿಭೇದಿಗೆ ಹೋದವೋ, ಎಷ್ಟು ವಿಷಮಶೀತ ಜ್ವರಕ್ಕೋ ಬರೆದಿಟ್ಟವರಿಲ್ಲ. ಊರಿಗೆ ಮಾರಿ ಬಂತು ಎನ್ನುತ್ತಿದ್ದರು, ಪೂಜೆ ಮಾಡುತ್ತಿದ್ದರು, ಮತ್ತೆ ಅದೇ ಹೊಳೆಗೆ ಕೊಡ ಇಳಿಸುತ್ತಿದ್ದರು.

ನೀರಿಗೂ ಕಾಲರಾಕ್ಕೂ ಇರುವ ಸಂಬಂಧವನ್ನು ಲೋಕ ನಂಬಿದ್ದೂ ತಡವಾಗಿಯೇ. ಲಂಡನ್ನಿನಲ್ಲಿ 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಸುತ್ತ ಸತ್ತವರ ಮನೆಗಳನ್ನು ಗುರುತು ಹಾಕಿ ತೋರಿಸಿದ. ಎಲ್ಲರ ಬಾಯಿ ಮುಚ್ಚಿಸಿದ್ದು ಮಾತ್ರ 1892ರ ಜರ್ಮನಿಯ ಕಥೆ. ಎಲ್ಬ್ ನದಿಯ ದಂಡೆಯಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ಊರುಗಳು ಒತ್ತಾಗಿ ಇದ್ದವು. ಹ್ಯಾಂಬರ್ಗಿನವರು ಊರಿನ ಮೇಲ್ಭಾಗದ ನೀರನ್ನು ಸೋಸದೆ ಕುಡಿಯುತ್ತಿದ್ದರು. ಆಲ್ಟೋನಾದವರಿಗೆ ಸಿಗುತ್ತಿದ್ದದ್ದು ಹ್ಯಾಂಬರ್ಗಿನ ಕೊಳೆಯೆಲ್ಲ ಸೇರಿದ ಕೆಳಗಿನ ನೀರು, ಆದರೆ ಅವರು ಅದನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದರು. ಆ ವರ್ಷದ ಕಾಲರಾದಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 8,600 ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳ ಗಡಿ ಒಂದೇ ಬೀದಿಯಲ್ಲಿ ಹಾದುಹೋಗುವ ಕಡೆ, ಬೀದಿಯ ಒಂದು ಬದಿಯ ಮನೆಗಳಲ್ಲಿ ಕಾಲರಾ, ಇನ್ನೊಂದು ಬದಿಯಲ್ಲಿ ಇಲ್ಲ. ಇದಾದ ಮೇಲೆ ನೀರು ಸೋಸುವ ಖರ್ಚು ದಂಡ ಎಂದು ಹೇಳುವ ಧೈರ್ಯ ಯಾವ ನಗರಸಭೆಗೂ ಉಳಿಯಲಿಲ್ಲ.

ನಮ್ಮ ಮೈಸೂರು ಸಂಸ್ಥಾನದಲ್ಲೂ ಆ ಹೊತ್ತಿಗೆ ಗಾಳಿ ಬೀಸತೊಡಗಿತ್ತು. 1896ರಲ್ಲಿ ಹೆಸರಘಟ್ಟದ ನೀರು ಬೆಂಗಳೂರಿಗೆ ಬಂತು. ಎರಡೇ ವರ್ಷದಲ್ಲಿ, 1898ರಲ್ಲಿ, ಬಂದ ಪ್ಲೇಗು ಊರಿನ ಚೊಕ್ಕಟದ ವಿಚಾರವನ್ನು ದೊರೆಗಳ ಬಾಗಿಲಿಗೇ ತಂದು ನಿಲ್ಲಿಸಿತು. ಸಣ್ಣ ಊರುಗಳಿಗೆ ಆ ಅನುಕೂಲ ತಲುಪಲು ಇನ್ನೂ ದಶಕಗಳು ಬೇಕಾದವು. ಶಿವಮೊಗ್ಗದ ವಾಟರ್ ವರ್ಕ್ಸಿಗೆ ಕೃಷ್ಣರಾಜೇಂದ್ರರ ಹೆಸರಿದೆ. ಊರಿನವರ ಬಾಯಲ್ಲಿ ಅದು ಕೆ.ಆರ್. ವಾಟರ್ ವರ್ಕ್ಸ್. ಒಂದು ಕಾಲದ ದೊರೆಯ ಹೆಸರು ನಮ್ಮ ಅಡುಗೆಮನೆಯ ನಲ್ಲಿಯ ಇನ್ನೊಂದು ತುದಿಯಲ್ಲಿ ಹೀಗೆ ಉಳಿದುಕೊಂಡಿದೆ.

ಭದ್ರಾವತಿಯ ಪಾತ್ರ ಇದರಲ್ಲಿ ಬೇರೆ ರೀತಿಯದು. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರಲ್ಲಿ ಕುಲುಮೆ ಉರಿಯತೊಡಗಿತು. ಸುತ್ತಲ ಕಾಡಿನ ಸೌದೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಿದ ಕಾರ್ಖಾನೆ ಅದು. ಆಮೇಲೆ ಅಲ್ಲಿ ಎರಕದ ಕಬ್ಬಿಣದ ಪೈಪುಗಳನ್ನೂ ಮಾಡತೊಡಗಿದರು. ಊರೂರಿನ ಬೀದಿಗಳ ಅಡಿಯಲ್ಲಿ ಹೂತ ಇಂಥ ಪೈಪುಗಳನ್ನು ನಾವು ಯಾರೂ ಕಂಡಿಲ್ಲ. ಕೊಡ ಹೊತ್ತು ಸವೆದ ಎಷ್ಟೋ ಹೆಂಗಸರ ಕತ್ತಿನ ಭಾರವನ್ನು ಆ ಕಪ್ಪು ಕೊಳವೆಗಳು ತಮ್ಮ ಮೈಮೇಲೆ ತೆಗೆದುಕೊಂಡವು.

ಆ ಕಾರ್ಖಾನೆಗೆ ಮುಂದೆ ಯಾರ ಹೆಸರು ಬಂತೋ ಆ ವಿಶ್ವೇಶ್ವರಯ್ಯನವರಿಗೂ ಕುಡಿಯುವ ನೀರಿಗೂ ಹಳೆಯ ನಂಟು. ಅವರ ಹೆಸರು ಹೇಳಿದರೆ ನಮಗೆ ಕನ್ನಂಬಾಡಿ ನೆನಪಾಗುತ್ತದೆ. ಅದಕ್ಕೂ ಬಹಳ ಮುಂಚೆ, 1894ರ ಸುಮಾರಿಗೆ, ಅವರು ಸಿಂಧ್ ಪ್ರಾಂತದ ಸಕ್ಕರ್ ಎಂಬ ಊರಿಗೆ ಸಿಂಧೂ ನದಿಯ ನೀರನ್ನು ಒದಗಿಸುವ ಕೆಲಸದಲ್ಲಿದ್ದರು. ನೀರು ಕೆಸರು; ಸೋಸುವ ತೊಟ್ಟಿ ಕಟ್ಟಿಸಲು ಅಲ್ಲಿನ ಪುರಸಭೆಯಲ್ಲಿ ದುಡ್ಡಿಲ್ಲ. ವಿಶ್ವೇಶ್ವರಯ್ಯನವರು ದಂಡೆಯ ಹತ್ತಿರ ನದಿಯ ಪಾತ್ರದಲ್ಲೇ ಒಂದು ಬಾವಿ ತೋಡಿಸಿ, ಅದರ ತಳದಿಂದ ನದಿಯ ಅಡಿಗೆ ಸುರಂಗ ಮಾಡಿಸಿದರು. ನದಿಯ ನೀರು ಮರಳಿನ ಮೂಲಕ ಇಳಿದು ತಿಳಿಯಾಗಿ ಬಾವಿಗೆ ಬಂತು. ಇದನ್ನು ಓದಿದಾಗ ನನಗೆ ಆಶ್ಚರ್ಯಕ್ಕಿಂತ ಸಂತೋಷವಾಯಿತು. ನಮ್ಮ ಹೆಂಗಸರು ಬೇಸಿಗೆಯಲ್ಲಿ ಚಿಪ್ಪು ಹಿಡಿದು ತೋಡುತ್ತಿದ್ದ ಒರತೆಯೂ ಇದೇ ಬುದ್ಧಿಯದಲ್ಲವೇ!

ನೀರು ಶುದ್ಧೀಕರಣ ಘಟಕ ಎಂದರೆ ಏನೋ ದೊಡ್ಡ ಯಂತ್ರಶಾಲೆ ಎಂದು ಹೆದರಬೇಕಿಲ್ಲ. ಅಡುಗೆಮನೆಯಲ್ಲಿ ನಿಂತವರಿಗೆ ಅದು ಬೇಗ ಅರ್ಥವಾಗುತ್ತದೆ. ಮೊದಲು ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಧುಮುಕಿಸುತ್ತಾರೆ. ಕಾಫಿಯನ್ನು ಎತ್ತಿ ಸುರಿದ ಹಾಗೆ, ಗಾಳಿ ಸೇರಿ ವಾಸನೆ ಹೋಗುತ್ತದೆ. ಆಮೇಲೆ ಪಟಿಕ ಬೆರೆಸುತ್ತಾರೆ. ವಾಟರ್ ವರ್ಕ್ಸಿನವರು ಅದಕ್ಕೆ ಆಲಂ ಎನ್ನುತ್ತಾರೆ. ಅಜ್ಜಿಯ ಚಿಲ್ಲದ ಬೀಜದ ಕೆಲಸವೇ ಇದರದ್ದೂ. ಕಣ್ಣಿಗೆ ಕಾಣದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಒಡೆದ ಹಾಲಿನಂತೆ ಗಂಟುಗಂಟಾಗುತ್ತವೆ. ದೊಡ್ಡ ದುಂಡು ತೊಟ್ಟಿಯಲ್ಲಿ ಮೆಲ್ಲಗೆ ತಿರುಗಿಸುತ್ತ ಬಿಟ್ಟರೆ ಗಂಟುಗಳು ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯನ್ನು ಮರಳಿನ ಹಾಸಿನ ಮೂಲಕ ಸೋಸುತ್ತಾರೆ. ಕೊನೆಗೆ ಕ್ಲೋರಿನ್ ಬೆರೆಸಿ, ಅದು ಕೆಲಸ ಮಾಡಲು ಅರ್ಧ ಗಂಟೆಯಾದರೂ ಬಿಟ್ಟು, ಮೇಲಿನ ಟ್ಯಾಂಕಿಗೆ ಏರಿಸುತ್ತಾರೆ. ನಲ್ಲಿ ನೀರಿಗೆ ಒಂದಿಷ್ಟು ಬ್ಲೀಚಿಂಗ್ ವಾಸನೆ ಬಂದರೆ ನಾವು ಮೂಗು ಮುರಿಯುತ್ತೇವೆ. ವಾಸ್ತವವಾಗಿ ಆ ಸಣ್ಣ ವಾಸನೆ ಕಾವಲುಗಾರನ ಕೆಮ್ಮಿದ್ದ ಹಾಗೆ. ಪೈಪಿನ ದಾರಿಯುದ್ದಕ್ಕೂ ಯಾರೋ ಎಚ್ಚರವಾಗಿದ್ದಾರೆ ಎಂಬ ಗುರುತು. ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಮನೆಯ ನಲ್ಲಿಯಲ್ಲಿ ಉಳಿದಿರಬೇಕೆಂದು ನಮ್ಮ ದೇಶದ ನಿಯಮವೇ ಹೇಳುತ್ತದೆ.

ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದದ್ದು 1978ರಲ್ಲಿ. ಬಂದ ಮನೆಯಲ್ಲಿ ಹಿತ್ತಲ ನಲ್ಲಿ ಇತ್ತು. ನೀರು ಬರುವ ಹೊತ್ತಿಗೆ ಅತ್ತೆಯವರು ಮನೆಯ ಪಾತ್ರೆಗಳನ್ನೆಲ್ಲ ಸಾಲಾಗಿ ಜೋಡಿಸಿ ನಿಲ್ಲುತ್ತಿದ್ದರು. ಅದೇ ದಿನಗಳಲ್ಲಿ ನನ್ನ ಚಿಕ್ಕಮ್ಮ ಕೂಡ್ಲಿಯ ಕೆಳಗೆ, ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ ಹೊಳೆಯಿಂದಲೇ ನೀರು ಹೊರುತ್ತಿದ್ದಳು. ನಾವು ಕುಡಿಯುತ್ತಿದ್ದದ್ದು ತುಂಗೆಯ ಮೇಲಿನ ನೀರು, ಸೋಸಿದ್ದು. ಅವಳಿಗೆ ಸಿಗುತ್ತಿದ್ದದ್ದು ಶಿವಮೊಗ್ಗ ಮತ್ತು ಭದ್ರಾವತಿ ಎರಡೂ ಊರುಗಳು ಬಳಸಿ ಬಿಟ್ಟ ನೀರು, ಸೋಸದ್ದು. ಅವಳ ಮೂರು ವರ್ಷದ ಎರಡನೇ ಮಗ ಹಿಂದೊಂದು ಮಳೆಗಾಲದಲ್ಲಿ ವಾಂತಿಭೇದಿಯಾಗಿ ಎರಡೇ ದಿನಕ್ಕೆ ಹೋಗಿದ್ದ. ದೃಷ್ಟಿಯಾಯಿತು ಎಂದಿದ್ದರು ಮನೆಯವರು. ಎಷ್ಟೋ ವರ್ಷದ ಮೇಲೆ ಒಮ್ಮೆ ನಮ್ಮ ಮನೆಗೆ ಬಂದವಳು ನಲ್ಲಿಯ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಿ, “ಅಲ್ಲ ಕಣೇ, ನೀವು ಮಿಂದು ಬಿಟ್ಟ ನೀರೇ ನಮಗೆ ತೀರ್ಥ ಆಯ್ತಲ್ಲೇ” ಅಂದಳು. ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನು ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಹಳ್ಳಿಗಳಿಗೆ ನೀರು ಕೊಡಬೇಕೆಂಬುದು ಸರ್ಕಾರದ ದೊಡ್ಡ ಕೆಲಸವಾದದ್ದು 1980ರ ದಶಕದಲ್ಲಿ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಒಬ್ಬ ಮಂತ್ರಿಗೆ ನೀರಿನ ಹೆಸರು ಬಂದದ್ದಕ್ಕಿಂತ ದೊಡ್ಡ ಬಿರುದು ಯಾವುದಿದೆ? ಇಂಡಿಯಾ ಮಾರ್ಕ್ 2 ಎಂಬ ಗಟ್ಟಿ ಕೈಪಂಪು ಹಳ್ಳಿಯ ನಡುವೆ ನಿಂತಾಗ ಅರ್ಧ ಊರಿನ ಹೆಂಗಸರ ನಡೆ ತಪ್ಪಿತು. ಆದರೆ ನಮ್ಮ ಕಡೆಯ ಕೆಲವು ಬೋರ್‌ಗಳಲ್ಲಿ ನೀರಿಗೆ ಕಬ್ಬಿಣದ ಒಗರು. ಬಿಳಿ ಬಟ್ಟೆ ಹಳದಿ, ಅನ್ನಕ್ಕೆ ಬಣ್ಣ, ಕಾಫಿ ಕಪ್ಪು. ಬೇಸಿಗೆಯಲ್ಲಿ ಕೆಲವು ಪಂಪುಗಳು ಬರೀ ಗಾಳಿ ಹೊಡೆಯುತ್ತಿದ್ದವು. ಪಕ್ಕದಲ್ಲಿ ಹೊಳೆ ಹರಿಯುತ್ತಿರುವಾಗ ಭೂಮಿಯನ್ನು ಕೊರೆದು ಯಾಕೆ ಸಾಯಬೇಕು ಎಂದು ಜನ ಕೇಳತೊಡಗಿದರು. ಹೊಳೆಯ ನೀರನ್ನೇ ಎತ್ತಿ, ಸೋಸಿ ಕೊಡುವ ಯೋಜನೆಗಳು ಹಳ್ಳಿಗಳಿಗೆ ಬಂದದ್ದು ಹೀಗೆ.

ಚಿಕ್ಕಮ್ಮನ ಹಳ್ಳಿಗೆ ಮೊದಲು ಬಂದದ್ದು ಒಂದು ಸಣ್ಣ ಮರಳಿನ ತೊಟ್ಟಿ, ನಿಧಾನ ಮರಳು ಸೋಸುಕ. ನಾಗಪುರದ ನೀರಿ ಸಂಸ್ಥೆಯವರು ಹಳ್ಳಿಗಳಿಗೆ ಒಳ್ಳೆಯದೆಂದು ಹೇಳುತ್ತಿದ್ದ ಮಾದರಿ. ಇದರಲ್ಲಿ ನೀರು ಗಂಟೆಗೆ ಒಂದು ಗೇಣಿಗಿಂತ ಕಡಿಮೆ ಇಳಿಯುತ್ತದೆ. ಮರಳಿನ ಮೇಲೆ ಕೆಲವು ದಿನಗಳಲ್ಲಿ ಹಾಲಿನ ಕೆನೆಯ ಹಾಗೆ ಒಂದು ತೆಳು ಪದರ ಕಟ್ಟುತ್ತದೆ. ಆ ಪದರದಲ್ಲಿ ಬದುಕುವ ಜೀವಿಗಳೇ ರೋಗದ ಕ್ರಿಮಿಗಳನ್ನು ತಿಂದುಹಾಕುತ್ತವೆ. ಕರೆಂಟು ಬೇಡ, ಪಟಿಕ ಬೇಡ. ತಿಳಿ ನೀರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಮ್ಮ ಮಲೆನಾಡಿನ ಮಳೆಗಾಲದ ಕೆಂಪು ನೀರಿಗೆ ಮಾತ್ರ ಇದು ತಡೆಯದು. ಕೆಸರು ಕೆಲವೇ ದಿನಗಳಲ್ಲಿ ಮರಳಿನ ಬಾಯಿ ಮುಚ್ಚಿಬಿಡುತ್ತದೆ. ಆಗ ನೀರನ್ನು ಇಳಿಸಿ, ಮೇಲಿನ ಒಂದೆರಡು ಅಂಗುಲ ಮರಳು ಕೆರೆದು, ತೊಳೆದು, ಮತ್ತೆ ಕೆನೆ ಕಟ್ಟುವವರೆಗೆ ಕಾಯಬೇಕು. ಕಾಯುವಷ್ಟು ಪುರುಸೊತ್ತು ಯಾರಿಗಿದೆ? ಮಳೆಗಾಲದಲ್ಲಿ ತೊಟ್ಟಿಯನ್ನು ಬಿಟ್ಟು ನೇರವಾಗಿ ಹೊಳೆಯ ನೀರನ್ನೇ ಟ್ಯಾಂಕಿಗೆ ಏರಿಸಿ, ಮೇಲೆ ಒಂದು ಹಿಡಿ ಬ್ಲೀಚಿಂಗ್ ಪುಡಿ ಎರಚುವುದು ರೂಢಿಯಾಯಿತು. ಕೆಸರಿನ ಕಣಗಳ ಮರೆಯಲ್ಲಿ ಕೂತ ಕ್ರಿಮಿಗೆ ಕ್ಲೋರಿನ್ ತಗಲುವುದಿಲ್ಲ. ಅಂಥ ಒಂದು ವರ್ಷ ಆ ಬೀದಿಯಲ್ಲಿ ಹದಿನಾರು ಮನೆಗೆ ಕಾಮಾಲೆ ಬಂತು. ಚಿಕ್ಕಮ್ಮನ ಮೊಮ್ಮಗಳು ಎಸ್ಸೆಸ್ಸೆಲ್ಸಿಯ ವರ್ಷ ಎರಡು ತಿಂಗಳು ಹಾಸಿಗೆ ಹಿಡಿದಳು. ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಮುಂದಿನ ವರ್ಷ ಅವಳ ಮದುವೆಯ ಮಾತು ಬಂತು, ಓದು ಅಲ್ಲಿಗೇ ನಿಂತಿತು. ನೀರಿನ ಲೆಕ್ಕ ಬರೆಯುವವರು ಇಂಥದ್ದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೋ ತಿಳಿಯದು.

ಮುಂದೆ ಆ ಘಟಕವನ್ನು ಮೇಲ್ದರ್ಜೆಗೆ ಏರಿಸಿದರು. ಕೆಸರು ಮೊದಲೇ ಕೂರಲು ತೊಟ್ಟಿ, ಪಟಿಕ ಬೆರೆಸುವ ವ್ಯವಸ್ಥೆ, ವೇಗದ ಮರಳು ಸೋಸುಕ, ಹೊಸ ಪಂಪು, ಸುತ್ತಲ ಹಳ್ಳಿಗಳಿಗೆ ಪೈಪು. ವೇಗದ ಸೋಸುಕದಲ್ಲಿ ನೀರು ಗಂಟೆಗೆ ಸುಮಾರು 5 ಮೀಟರ್ ಇಳಿಯುತ್ತದೆ; ಅಷ್ಟೇ ಜಾಗದಲ್ಲಿ ಹಳೆಯದಕ್ಕಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ನೀರು. ನಾನು ನೋಡಲು ಹೋದಾಗ ಅಲ್ಲಿನ ನೀರುಗಂಟಿ ಆರು ಗಾಜಿನ ಪಾತ್ರೆಗಳಲ್ಲಿ ಹೊಳೆಯ ನೀರು ತುಂಬಿಸಿ, ಒಂದೊಂದಕ್ಕೆ ಒಂದೊಂದು ಅಳತೆಯ ಪಟಿಕ ಹಾಕಿ ಕಲಕಿ, ಯಾವುದರಲ್ಲಿ ಚೆನ್ನಾಗಿ ತಳಕ್ಕೆ ಕೂರುತ್ತದೆ ನೋಡುತ್ತಿದ್ದ. “ಉಪ್ಪು ನೋಡಿದ ಹಾಗೇ ಅಕ್ಕ, ಕಡಿಮೆಯಾದ್ರೂ ಕೆಟ್ತು, ಹೆಚ್ಚಾದ್ರೂ ಕೆಟ್ತು” ಎಂದ. ಅವನ ಮಾತು ಸರಿಯೇ. ಪಟಿಕ ಹೆಚ್ಚಾದರೆ ಅದರ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಹೊಳೆಯ ನೀರು ದಿನದಿನಕ್ಕೆ ಬದಲಾಗುವುದರಿಂದ ಅಳತೆಯೂ ದಿನದಿನಕ್ಕೆ ಬದಲಾಗಬೇಕು.

ಇಲ್ಲಿಯೇ ನನಗೆ ಹೊಸ ಘಟಕದ ಸುಖದೊಳಗಿನ ಕಷ್ಟ ಕಂಡದ್ದು. ಹಳೆಯ ತೊಟ್ಟಿಗೆ ತಾಳ್ಮೆ ಬೇಕಿತ್ತು. ಹೊಸದಕ್ಕೆ ಪ್ರತಿದಿನ ಕರೆಂಟು ಬೇಕು, ಪಟಿಕ ಬೇಕು, ಕ್ಲೋರಿನ್ ಬೇಕು, ಮರಳನ್ನು ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವ ಕೆಲಸ ಬೇಕು, ಇವೆಲ್ಲ ಬಲ್ಲ ಮನುಷ್ಯ ಬೇಕು. ಆ ಮನುಷ್ಯನಿಗೆ ತಿಂಗಳು ತಿಂಗಳು ಸಂಬಳ ಬೇಕು. ನಾನು ಮಾತಾಡಿಸಿದ ದಿನ ಅವನಿಗೆ ಮೂರು ತಿಂಗಳ ಸಂಬಳ ಬಂದಿರಲಿಲ್ಲ. ಕಟ್ಟಡದ ಉದ್ಘಾಟನೆಗೆ ಬಂದವರ ಹೆಸರೆಲ್ಲ ಕಲ್ಲಿನಲ್ಲಿ ಕೆತ್ತಿದೆ. ಪ್ರತಿ ಬೆಳಿಗ್ಗೆ ಆರು ಪಾತ್ರೆ ಕಲಕುವವನ ಹೆಸರನ್ನು ಊರಿನವರೇ ಸರಿಯಾಗಿ ಹೇಳಲಾರರು.

ಎಷ್ಟೇ ಒಳ್ಳೆಯ ಘಟಕಕ್ಕೂ ಒಂದು ಮಿತಿಯಿದೆ ಎಂಬುದಕ್ಕೆ ದೆಹಲಿಯ ಕಥೆ ಹೇಳಬೇಕು. 1955ರ ಕೊನೆಯಲ್ಲಿ ಯಮುನೆಯ ಹರಿವು ಬದಲಾಗಿ, ನಜಫ್‌ಗಢ ಚರಂಡಿಯ ಕೊಳೆ ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಜಾಗಕ್ಕೇ ಹಿಂದಕ್ಕೆ ನುಗ್ಗಿತು. ಘಟಕದವರು ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಟೈಫಾಯಿಡ್ ಹೆಚ್ಚಲಿಲ್ಲ. ಆದರೆ ಕಾಮಾಲೆಯ ವೈರಸ್ ಎಲ್ಲವನ್ನೂ ದಾಟಿ ಬಂತು. ಕೆಲವೇ ವಾರಗಳಲ್ಲಿ ಸುಮಾರು 29,000 ಜನರಿಗೆ ಕಾಮಾಲೆ. ಸತ್ತವರಲ್ಲಿ ಬಸುರಿಯರು ಹೆಚ್ಚು. ರಾಜಧಾನಿಯ ಘಟಕವೇ ಸೋತ ಕಡೆ ಹಳ್ಳಿಯ ಘಟಕ ಏನು ಮಾಡೀತು? ಬರುವ ನೀರೇ ಚರಂಡಿಯಾದರೆ ಮರಳಿಗೂ ಪಟಿಕಕ್ಕೂ ಎಷ್ಟೆಂದು ದೂರಿಕೊಳ್ಳೋಣ?

ಹೊಳೆಯನ್ನು ಕಾಯುವ ಮಾತು ನಮ್ಮಲ್ಲಿ ಹೊಸದಲ್ಲ. ಜಲಮಾಲಿನ್ಯ ತಡೆಯುವ ಕಾನೂನು 1974ರಲ್ಲೇ ಬಂತು. 1980ರ ದಶಕದಲ್ಲಿ ಹರಿಹರದ ಕೆಳಗಿನ ಹಳ್ಳಿಗಳ ಜನ ಸಮಾಜ ಪರಿವರ್ತನ ಸಮುದಾಯದ ಜೊತೆಗೂಡಿ ತುಂಗಭದ್ರೆಗಾಗಿ ಹೋರಾಡಿದರು. 1995ರಲ್ಲಿ ಕೇಂದ್ರದ ನದಿ ಸಂರಕ್ಷಣಾ ಯೋಜನೆಗೆ ಶಿವಮೊಗ್ಗ, ಭದ್ರಾವತಿ, ಹರಿಹರ, ದಾವಣಗೆರೆ ಸೇರಿದವು. ಒಳಚರಂಡಿ, ಕೊಳಚೆ ಶುದ್ಧೀಕರಣದ ಕೆಲಸಗಳು ಅಂದಿನಿಂದ ನಡೆಯುತ್ತಲೇ ಬಂದಿವೆ. ಆದರೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಮಲಿನ ನದಿ ಭಾಗಗಳನ್ನು ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ಶಿವಮೊಗ್ಗದಿಂದ ಕೂಡ್ಲಿಯವರೆಗಿನ ತುಂಗೆಯೂ, ಭದ್ರಾವತಿ ಹೊಳೆಹೊನ್ನೂರುಗಳ ನಡುವಿನ ಭದ್ರೆಯೂ ಇದ್ದವು. ಕಾರ್ಖಾನೆಗಳ ಮೇಲೆ ಎಲ್ಲವನ್ನೂ ಹಾಕಿ ನಾವು ಸುಮ್ಮನಿರುವ ಹಾಗಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲೇ ಉತ್ಪಾದನೆ ನಿಲ್ಲಿಸಿತ್ತು. ಮೂರು ವರ್ಷದ ಮೇಲೂ ಭದ್ರೆ ಆ ಪಟ್ಟಿಯಲ್ಲಿದ್ದಳು. ಉಳಿದದ್ದು ಮುಖ್ಯವಾಗಿ ನಮ್ಮ ಮನೆಗಳ ಬಚ್ಚಲು, ಪಾಯಖಾನೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಜನ ತುಂಗಭದ್ರೆಯ ದಂಡೆಯುದ್ದಕ್ಕೂ ಕಾಲ್ನಡಿಗೆಯಲ್ಲಿ ಹೊರಟು, ಊರೂರಿನಲ್ಲಿ ಹೊಳೆಯ ಮಾತಾಡುತ್ತ ಹೋದರು. ಹೊಳೆಯನ್ನು ಪೂರ್ತಿ ನೋಡಬೇಕೆಂದರೆ ಹಾಗೆ ನಡೆದೇ ನೋಡಬೇಕೇನೋ.

2019ರ ಆಗಸ್ಟ್ 15ರಂದು ಪ್ರಕಟವಾದ ಜಲಜೀವನ್ ಮಿಷನ್ ಪ್ರತಿ ಹಳ್ಳಿಮನೆಗೂ ನಲ್ಲಿ, ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ಶುದ್ಧ ನೀರು ಎಂದು ಗುರಿ ಇಟ್ಟಿತು. 2024ಕ್ಕೆ ಮುಗಿಯಬೇಕಿದ್ದದ್ದು 2028ಕ್ಕೆ ಹೋಗಿದೆ. ಅದರ ನಿಯಮಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಎರಡು. ಹಳ್ಳಿಯ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು; ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು. ಪರೀಕ್ಷೆ ಕಷ್ಟದ್ದಲ್ಲ. ಕ್ಲೋರಿನ್ ಇದ್ದರೆ ಎರಡು ಹನಿ ಔಷಧಕ್ಕೆ ನೀರು ಹಳದಿಯಾಗುತ್ತದೆ. ಕೊಳಕಿನ ಕ್ರಿಮಿ ಇದೆಯೇ ಎಂದು ನೋಡಲು ಒಂದು ಸಣ್ಣ ಸೀಸೆ. ನೀರು ತುಂಬಿ ಒಂದೆರಡು ದಿನ ಇಟ್ಟರೆ, ಕೆಟ್ಟ ನೀರಾದರೆ ಕಪ್ಪಾಗುತ್ತದೆ. ಚಿಕ್ಕಮ್ಮನ ಅದೇ ಮೊಮ್ಮಗಳು ಈಗ ತನ್ನ ಗಂಡನ ಊರಿನಲ್ಲಿ ಆ ಐವರಲ್ಲಿ ಒಬ್ಬಳು. ಒಂದು ಸಲ ಸೀಸೆ ಕಪ್ಪಾದಾಗ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಪಂಚಾಯಿತಿಯ ಸಭೆಗೆ ಹೋಗಿ ಮೇಜಿನ ಮೇಲೆ ಇಟ್ಟಳಂತೆ. “ಏನೂ ಮಾತಾಡಲಿಲ್ಲ ದೊಡ್ಡಮ್ಮ, ಸೀಸೆನೇ ಮಾತಾಡ್ತು” ಎಂದು ನನಗೆ ಫೋನಿನಲ್ಲಿ ಹೇಳಿದಳು. ಮಾರನೆಯ ದಿನವೇ ಒಡೆದ ಪೈಪನ್ನು ಹುಡುಕಿದರಂತೆ.

ಪಟ್ಟಣದಲ್ಲಿರುವ ನಮಗೆ ಇಂಥ ಸೀಸೆಯನ್ನು ಯಾರೂ ಕೊಟ್ಟಿಲ್ಲ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಫಿಲ್ಟರು ಮಿನುಗುತ್ತಿದೆ, ಅಲ್ಲಿಗೆ ನೀರಿನ ಚಿಂತೆ ಮುಗಿಯಿತು ಎಂದುಕೊಂಡಿದ್ದೇವೆ. ನಲ್ಲಿಗೆ ಬರುವ ನೀರಿನ ಬಗ್ಗೆ ಕೇಳುವಷ್ಟು ಪ್ರಶ್ನೆಗಳನ್ನು ಬಚ್ಚಲಿನಿಂದ ಹೋಗುವ ನೀರಿನ ಬಗ್ಗೆ ನಾವು ಕೇಳುವುದಿಲ್ಲ. ನಮ್ಮ ಬೀದಿಯ ಮನೆಗಳೆಲ್ಲ ಒಳಚರಂಡಿಗೆ ಸೇರಿವೆಯೇ, ಸೇರಿದ ಕೊಳೆ ಶುದ್ಧೀಕರಣಕ್ಕೆ ಹೋಗುತ್ತದೆಯೇ, ಮಳೆ ನೀರಿನ ಮೋರಿಯಲ್ಲಿ ನೇರವಾಗಿ ತುಂಗೆಗೆ ಇಳಿಯುತ್ತದೆಯೇ ಎಂದು ವಾರ್ಡಿನ ಸದಸ್ಯರನ್ನು ಕೇಳಿದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ? ಕೇಳಲು ಓದು ಬೇಕಿಲ್ಲ, ಎಂಜಿನಿಯರಿಕೆ ಬೇಕಿಲ್ಲ. ಮೋರಿಯ ಜಾಡು ಹಿಡಿದು ಹೊಳೆಯವರೆಗೆ ಒಮ್ಮೆ ನಡೆದುಹೋದರೆ ಸಾಕು, ಎಲ್ಲ ಕಣ್ಣಿಗೇ ಕಾಣುತ್ತದೆ. ನಮ್ಮ ಬೀದಿಯ ನಾಲ್ಕು ಜನ ಸೇರಿ ಬರುವ ಭಾನುವಾರ ಹೋಗುವುದೆಂದು ಮಾತಾಡಿಕೊಂಡಿದ್ದೇವೆ. ನೀವೂ ನಿಮ್ಮ ಬೀದಿಯಲ್ಲಿ ಹಾಗೆ ಹೊರಟರೆ, ಕೆಳಗಿನ ಯಾವುದೋ ಹಳ್ಳಿಯಲ್ಲಿ ಆರು ಗಾಜಿನ ಪಾತ್ರೆ ಇಟ್ಟುಕೊಂಡು ಕೂತವನ ಕೆಲಸ ಅಷ್ಟರಮಟ್ಟಿಗೆ ಹಗುರಾಗುತ್ತದೆ.